ಗ್ರಂಥಋಣದ ಲೆಕ್ಕ

ಕನ್ನಡದ ಸಂಶೋಧನ ಪ್ರಬಂಧಗಳ ಕೊನೆಯಲ್ಲಿ ಬರುವ ಪುಸ್ತಕಗಳ ಪಟ್ಟಿಗೆ ಹಿರಿಯರು ಇಟ್ಟ ಹೆಸರು ‘ಗ್ರಂಥಋಣ’. ಇಂಗ್ಲಿಷಿನ ‘ಬಿಬ್ಲಿಯಾಗ್ರಫಿ’ಯಲ್ಲಿ ಸಾಲದ ಮಾತೇ ಇಲ್ಲ, ಕನ್ನಡದಲ್ಲಿ ಇದೆ. ಮಲೆಬೆನ್ನೂರಿನಂಥ ಊರಿನಲ್ಲಿ ಈ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಭತ್ತದ ನಾಟಿಗೆ ಮೊದಲು ಗೊಬ್ಬರಕ್ಕೆಂದು ತಂದದ್ದೆಷ್ಟು, ಸುಗ್ಗಿಯಾದ ಮೇಲೆ ತೀರಿಸಿದ್ದೆಷ್ಟು ಎಂಬುದನ್ನೆಲ್ಲ ಬರೆದಿಟ್ಟ ಸಣ್ಣ ಪುಸ್ತಕವೊಂದು ಅಲ್ಲಿ ಪ್ರತಿ ರೈತನ ಮನೆಯಲ್ಲೂ ಇರುತ್ತದೆ.

ಆ ಕಡೆಯ ರೈತರೊಬ್ಬರ ಮಗಳು ಇತಿಹಾಸದಲ್ಲಿ ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದಳು. ಆರಿಸಿಕೊಂಡ ವಿಷಯ ಹರಿಹರ ಸೀಮೆಯ ನೀರಾವರಿ. ಅದು ಮನೆ ಬಾಗಿಲಲ್ಲೇ ಇದ್ದ ವಿಷಯ. ಸೂಳೆಕೆರೆಯ ಕಡೆಯಿಂದ ಹರಿದು ಬರುವ ಹರಿದ್ರಾ ನದಿ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಆ ಪುಟ್ಟ ನದಿಗೆ 1410ರಲ್ಲಿ ಅಣೆಕಟ್ಟು ಕಟ್ಟಿದ್ದನ್ನೂ ಅದು ಒಡೆದ ಮೇಲೆ 1424ರಲ್ಲಿ ಮತ್ತೆ ಸರಿಪಡಿಸಿದ್ದನ್ನೂ ಹರಿಹರದ ಶಾಸನಗಳು ಹೇಳುತ್ತವೆ. ಅಲ್ಲಿಂದ ಹೊರಟು ಲಕ್ಕವಳ್ಳಿಯ ಭದ್ರಾ ಜಲಾಶಯ, ಮಲೆಬೆನ್ನೂರು ಶಾಖಾ ನಾಲೆ, ನಾಲೆಯ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿದ ದಿನಗಳವರೆಗೆ ಬರೆಯಬೇಕೆಂಬುದು ಅವಳ ಆಸೆ.

ಮೊದಲ ಅಧ್ಯಾಯ ಮಾರ್ಗದರ್ಶಕರ ಮೇಜಿನಿಂದ ಬಂದ ದಾರಿಯಲ್ಲೇ ಹಿಂದಿರುಗಿತು. ಬರವಣಿಗೆ ಚೆನ್ನಾಗಿಲ್ಲವೆಂದಲ್ಲ. ಅಣೆಕಟ್ಟಿನ ಶಾಸನಕ್ಕೆ ಅವಳು ಕೊಟ್ಟಿದ್ದ ಅಡಿಟಿಪ್ಪಣಿ ‘ಎಪಿಗ್ರಾಫಿಯಾ ಕರ್ನಾಟಿಕ, ಸಂ. 11’ ಎಂದಷ್ಟೇ ಇತ್ತು. ಬಿ.ಎಲ್. ರೈಸ್ ಅವರು 1903ರಲ್ಲಿ ಹೊರತಂದ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಹರಿಹರದ ಶಾಸನಗಳು ಅದರಲ್ಲಿ ದಾವಣಗೆರೆ ತಾಲ್ಲೂಕಿನ ಕೆಳಗೆ ಬರುತ್ತವೆ. ಮೈಸೂರು ವಿಶ್ವವಿದ್ಯಾನಿಲಯ ಮುಂದೆ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಸಂಖ್ಯೆ ಬೇರೆಯೇ ಆಗಿದೆ. ಹೊಸ ಹನ್ನೊಂದನ್ನು ತೆರೆದು ಕೂತವರಿಗೆ ಹರಿಹರ ಸಿಗುವುದೆಲ್ಲಿಂದ? ಆವೃತ್ತಿ ಇಲ್ಲ, ವರ್ಷ ಇಲ್ಲ, ಶಾಸನದ ಸಂಖ್ಯೆಯೂ ಇಲ್ಲ. ‘ಇದು ಎಲ್ಲಿದೆ?’ ಎಂದು ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ.

ಉತ್ತರ ಹುಡುಕಲು ಹೋದಾಗಲೇ ಉಳಿದ ಗೋಜಲು ಕಂಡದ್ದು. ಮೂರು ನೋಟುಬುಕ್ಕು, ಒಂದು ಚೀಲ ಜೆರಾಕ್ಸ್ ಹಾಳೆ, ಮೊಬೈಲಿನಲ್ಲಿ ತೆಗೆದುಕೊಂಡ ನೂರಾರು ಪುಟಗಳ ಚಿತ್ರ. ಒಳಪುಟದ ಚಿತ್ರವಿದೆ, ಶೀರ್ಷಿಕೆ ಪುಟದ ಚಿತ್ರವಿಲ್ಲ. ಯಾವ ಗ್ರಂಥಾಲಯದಲ್ಲಿ ಕಂಡದ್ದು ಎಂಬುದೂ ನೆನಪಿಲ್ಲ. ಇದು ಒಬ್ಬಳ ಕಥೆಯಲ್ಲ. ಸಂಶೋಧನೆಗೆ ಇಳಿದ ಮಕ್ಕಳಲ್ಲಿ ಹೆಚ್ಚಿನವರ ಚೀಲ ಹೀಗೆಯೇ ಇರುತ್ತದೆ.

ಗೆಳತಿಯೊಬ್ಬಳು ಹೇಳಿಕೊಟ್ಟ ಮೇಲೆ ಅವಳು ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶವೊಂದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಹೆಸರು ಜೊಟೆರೊ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದ ಇತಿಹಾಸಕಾರರ ಕೇಂದ್ರವೊಂದು 2006ರಲ್ಲಿ ಹೊರತಂದ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸಂಜೆ ಪಡಸಾಲೆಯಲ್ಲಿ ಅದನ್ನು ತೆರೆದು ಕೂತಿದ್ದಾಗ ತಂದೆ ಇಣುಕಿದರು.

‘ಓದಿದ ಪುಸ್ತಕದ ಹೆಸರು ಬರ್ಕೊಳ್ಳಾಕೂ ಒಂದು ಮಿಷಿನ್ ಬೇಕೇನವ್ವಾ?’

‘ಬರ್ಕೊಂಡಿದ್ದೆಲ್ಲ ಕಳೆದೈತಲ್ಲ ಅಪ್ಪಾಜಿ, ಅದಕ್ಕೇ.’

ತಂದೆ ನಕ್ಕರು. ಪ್ರಶ್ನೆ ಮಾತ್ರ ಸರಿಯಾದದ್ದೇ. ಈ ತಂತ್ರಾಂಶ ಮಾಡುವುದೇನು? ವಿಶ್ವವಿದ್ಯಾನಿಲಯದ ಗ್ರಂಥಾಲಯದ ಸೂಚಿ ಈಗ ಮರದ ಖಾನೆಗಳ ಕಾರ್ಡುಗಳಲ್ಲಿಲ್ಲ, ಗಣಕದಲ್ಲಿದೆ. ನಮ್ಮ ವಿಶ್ವವಿದ್ಯಾನಿಲಯಗಳಿಗಾಗಿ ಇನ್‌ಫ್ಲಿಬ್‌ನೆಟ್ ಸಂಸ್ಥೆ ರೂಪಿಸಿದ ‘ಸೋಲ್’ ಇದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ‘ಕೋಹಾ’ ಇದೆ. (ಕೋಹಾ ಎಂದರೆ ಅಲ್ಲಿನ ಮಾವೊರಿ ಭಾಷೆಯಲ್ಲಿ ಕಾಣಿಕೆ, ಹಂಚಿಕೊಳ್ಳಲೆಂದೇ ಮಾಡಿದ ತಂತ್ರಾಂಶಕ್ಕೆ ಒಪ್ಪುವ ಹೆಸರು.) ಸೂಚಿಯಲ್ಲಿ ಪುಸ್ತಕದ ಪುಟ ತೆರೆದರೆ ಬ್ರೌಸರಿನ ಮೂಲೆಯಲ್ಲಿ ಜೊಟೆರೊದ ಗುರುತು ಪುಸ್ತಕದ ಆಕಾರ ತಾಳುತ್ತದೆ. ಅದನ್ನು ಒತ್ತಿದರೆ ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ ಎಲ್ಲವೂ ಬಂದು ತಮ್ಮ ತಮ್ಮ ಖಾನೆಯಲ್ಲಿ ಕೂರುತ್ತವೆ. ಗುರುತು ಕಾಣದ ಸೂಚಿಗಳೂ ಇವೆ. ಅಂಥಲ್ಲಿ ದಾಖಲೆಯನ್ನು ಕಡತವಾಗಿ ಇಳಿಸಿಕೊಂಡು ಸೇರಿಸಲು ಸಾಧ್ಯವೇ ಎಂದು ನೋಡಬೇಕು. ಇಲ್ಲವಾದರೆ ಕೈಯಲ್ಲೇ ತುಂಬಬೇಕು. ಐಎಸ್‌ಬಿಎನ್ ಸಂಖ್ಯೆ ಕೊಟ್ಟೂ ತರಿಸಬಹುದು, ಆದರೆ ಹಳೆಯ ಕನ್ನಡ ಪುಸ್ತಕಗಳಿಗೆ ಆ ಸಂಖ್ಯೆಯೇ ಇರುವುದಿಲ್ಲ. ಬರೆಯುವಾಗ ವರ್ಡ್ ಕಡತದಲ್ಲಿ ಬೇಕಾದೆಡೆ ಒತ್ತಿದರೆ ಅಡಿಟಿಪ್ಪಣಿ ಮೂಡುತ್ತದೆ, ಕೊನೆಗೆ ಗ್ರಂಥಋಣವೂ ತಾನಾಗಿ ಸಿದ್ಧವಾಗುತ್ತದೆ.

ಮೊದಲ ವಾರ ಅವಳಿಗೆ ಹಬ್ಬ. ಎರಡನೆಯ ವಾರ ಪಟ್ಟಿ ತೆಗೆದು ನೋಡಿದರೆ ಕುವೆಂಪು ಮೂರು ಜನರಾಗಿದ್ದರು. ಒಂದು ಸೂಚಿಯಿಂದ ‘ಕುವೆಂಪು’, ಇನ್ನೊಂದರಿಂದ ‘ಪುಟ್ಟಪ್ಪ, ಕೆ.ವಿ.’, ಮತ್ತೊಂದರಿಂದ ಅದೇ ಹೆಸರು ರೋಮನ್ ಲಿಪಿಯಲ್ಲಿ. ಮಾಸ್ತಿಯವರು ‘ಅಯ್ಯಂಗಾರ್’ ಆಗಿ ಪಟ್ಟಿಯ ಮೇಲ್ತುದಿಗೆ ಹೋಗಿ ಕೂತಿದ್ದರು. ಮಾಸ್ತಿಯವರನ್ನು ಅಕಾರದಲ್ಲಿ ಹುಡುಕುವ ಕನ್ನಡಿಗ ಯಾರು?

ತಪ್ಪು ಯಂತ್ರದ್ದೆನ್ನಲಾಗದು. ಅದು ಹುಟ್ಟಿದ ನಾಡಿನಲ್ಲಿ ಮನುಷ್ಯನಿಗೆ ಮೊದಲ ಹೆಸರು, ಮನೆತನದ ಹೆಸರು ಎಂದು ಎರಡು. ನಮ್ಮಲ್ಲಿ ಊರು, ತಂದೆ, ತಾನು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ, 1962ರಲ್ಲಿ ಬೆಂಗಳೂರಿನ ಡಿ.ಆರ್.ಟಿ.ಸಿ. ಸಂಸ್ಥೆಯನ್ನು ಸ್ಥಾಪಿಸಿದ ಎಸ್.ಆರ್. ರಂಗನಾಥನ್ ಅವರ ಹೆಸರನ್ನೇ ಬಿಡಿಸಿ ನೋಡಿ: ಶಿಯಾಳಿ ಊರು, ರಾಮಾಮೃತ ತಂದೆ, ರಂಗನಾಥನ್ ಅವರು. ಮನೆತನದ ಹೆಸರು ಎಂಬುದೇ ಇಲ್ಲ. ಹಳೆಯ ಕಾರ್ಡು ಸೂಚಿಯಲ್ಲಿ ‘ಪುಟ್ಟಪ್ಪ, ಕೆ.ವಿ. – ಕುವೆಂಪು ನೋಡಿ’ ಎಂಬಂಥ ಕೈಮರದ ಕಾರ್ಡುಗಳನ್ನು ಗ್ರಂಥಪಾಲಕರು ಇಡುತ್ತಿದ್ದರು. ಅವರ ಆ ತಾಳ್ಮೆ ಯಂತ್ರಕ್ಕೆ ತಾನಾಗಿ ಬರುವುದಿಲ್ಲ. ಸೂಚಿ ಹೇಳಿದ್ದನ್ನೇ ಅದು ಗಿಳಿಯಂತೆ ಒಪ್ಪಿಸುತ್ತದೆ. ಆದರೆ ಜೊಟೆರೊದಲ್ಲಿ ಹೆಸರಿನ ಎರಡು ಖಾನೆಗಳನ್ನು ಒಂದೇ ಮಾಡುವ ಪುಟ್ಟ ಗುಂಡಿಯೊಂದಿದೆ. ಕುವೆಂಪು, ಮಾಸ್ತಿ ಎಲ್ಲರಿಗೂ ಅದೇ ಔಷಧ. ಪುಸ್ತಕ ಕೈಗೆ ಬಂದಾಗ ಶೀರ್ಷಿಕೆ ಪುಟ, ಅದರ ಹಿಂಬದಿ ಎರಡನ್ನೂ ತೆರೆದಿಟ್ಟುಕೊಂಡು ಒಂದೊಂದೇ ಖಾನೆಯನ್ನು ಅವಳು ತಿದ್ದತೊಡಗಿದಳು. ರೈಸ್ ಅವರ ಸಂಪುಟಕ್ಕೆ ವರ್ಷ, ಆವೃತ್ತಿ ಸೇರಿದವು. ಆ ಸಂಪುಟದಲ್ಲಿ ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಎಲ್ಲ ಬೇರೆ ಬೇರೆ ಇರುವುದರಿಂದ ಪುಟಸಂಖ್ಯೆಯೊಂದೇ ಸಾಲದು; ತಾಲ್ಲೂಕು ಮತ್ತು ಶಾಸನ ಸಂಖ್ಯೆಯನ್ನು ಪ್ರತಿ ಟಿಪ್ಪಣಿಯಲ್ಲೂ ಬರೆದಳು.

ಸೂಚಿಯಲ್ಲಿ ಹುಡುಕುವುದಕ್ಕೂ ಊರಿನ ಚರಿತ್ರೆ ಗೊತ್ತಿರಬೇಕು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನ ಪುಸ್ತಕಗಳಿಗೆ ‘ಚಿತ್ರದುರ್ಗ’ ಎಂದು ಹುಡುಕಬೇಕು. ರೋಮನ್ ಲಿಪಿಯಲ್ಲಾದರೆ ಬ್ರಿಟಿಷರ ಕಾಲದ ‘ಚಿತಲ್‌ದ್ರೂಗ್’ ಎಂಬ ಕಾಗುಣಿತವನ್ನೂ ಬಿಡುವಂತಿಲ್ಲ. ದಾವಣಗೆರೆ ವಿಶ್ವವಿದ್ಯಾನಿಲಯ 2009ರದು; ಅದಕ್ಕೆ ಮುಂಚೆ 1987ರಿಂದ ಈ ಸೀಮೆ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು, ಅದಕ್ಕೂ ಮೊದಲು ಮೈಸೂರಿಗೆ. ಆದ್ದರಿಂದ ಹಳೆಯ ಪ್ರಬಂಧಗಳಿಗೆ ಮೂರೂ ಕಡೆ ಕೈಯಾಡಿಸಬೇಕು. ಪಿಎಚ್.ಡಿ. ಪ್ರಬಂಧಗಳಾದರೆ ‘ಶೋಧಗಂಗಾ’ದಲ್ಲಿ ಬಹಳಷ್ಟು ಸಿಗುತ್ತವೆ.

ಇನ್ನೊಂದು ಪೇಚು ಡಿ.ಟಿ.ಪಿ. ಅಂಗಡಿಯದು. ಅವಳು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ ಅಧ್ಯಾಯವನ್ನು ಅಂದಗೊಳಿಸಲು ಕೊಟ್ಟರೆ, ಅಂಗಡಿಯವರು ಅದನ್ನು ನುಡಿಯ ಹಳೆಯ ಅಕ್ಷರಕ್ಕೆ ಬದಲಾಯಿಸಿ ಹಿಂದಿರುಗಿಸಿದರು. ಪುಟ ಚೆಂದವಾಗಿತ್ತು, ಅಡಿಟಿಪ್ಪಣಿಗಳ ಒಳಗಿನ ಕೊಂಡಿಗಳೆಲ್ಲ ಸತ್ತಿದ್ದವು, ಇಂಗ್ಲಿಷ್ ಹೆಸರುಗಳು ಕಲಸುಮೇಲೋಗರವಾಗಿದ್ದವು. ಮೂಲ ಕಡತ ಅವಳ ಬಳಿ ಉಳಿದಿದ್ದರಿಂದ ಬಚಾವು. ಆಮೇಲೆ ಅಂಗಡಿಗೆ ಹೋದದ್ದು ಮುದ್ರಣಕ್ಕೆ ಸಿದ್ಧವಾದ ಪಿ.ಡಿ.ಎಫ್. ಮಾತ್ರ.

ಇಷ್ಟೆಲ್ಲ ಯಾಕೆ ಎನ್ನುವ ತಂದೆತಾಯಿಗಳು ಇದ್ದಾರು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ 10ನ್ನು ದಾಟಿ ಶೇ 40ರವರೆಗೆ ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 60ರವರೆಗೆ ಹೋದರೆ ಒಂದು ವರ್ಷ ತಿದ್ದಿ ಕೊಡುವಂತೆಯೂ ಇಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಸರಿಯಾಗಿ ಉದ್ಧರಿಸಿದ್ದು ಈ ಎಣಿಕೆಗೆ ಬರುವುದಿಲ್ಲ. ನೋಟುಬುಕ್ಕಿಗೆ ಇಳಿಸಿಕೊಂಡ ಸಾಲು ತನ್ನದೋ ಪುಸ್ತಕದ್ದೋ ಎಂದು ವರ್ಷದ ಮೇಲೆ ಮರೆತವರು ಕಳ್ಳರಲ್ಲದಿದ್ದರೂ ಕಳ್ಳರ ಸಾಲಿನಲ್ಲಿ ನಿಲ್ಲುತ್ತಾರೆ. ಆ ಮರೆವಿಗೆ ಈ ತಂತ್ರಾಂಶ ಒಳ್ಳೆಯ ಮದ್ದು, ಓದಿದ ದಿನವೇ ತುಂಬಿಟ್ಟರೆ.

ಕೊನೆಯ ಅಧ್ಯಾಯ ನಾಲೆಯ ಕೊನೆ ಭಾಗದ ರೈತರದು. ಅದಕ್ಕೆ ಯಾವ ಸೂಚಿಯಲ್ಲೂ ಪುಸ್ತಕ ಸಾಲದೆ ಅವಳು ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡಳು. ರಾತ್ರಿ ಸರದಿಯಲ್ಲಿ ತೂಬು ಕಾದವರಲ್ಲಿ ಅವಳ ತಂದೆಯೂ ಒಬ್ಬರು. ಜೊಟೆರೊದಲ್ಲಿ ಸಂದರ್ಶನಕ್ಕೂ ಒಂದು ನಮೂನೆ ಇದೆ. ಮಾತಾಡಿದವರ ಹೆಸರು, ದಿನಾಂಕ ಕೇಳುತ್ತದೆ. ಹೆಸರಿನ ಜಾಗದಲ್ಲಿ ಎಂದಿನಂತೆ ಎರಡು ಖಾನೆ ಬಂದವು. ಅವಳು ಪುಟ್ಟ ಗುಂಡಿಯನ್ನು ಒತ್ತಿ ಅವನ್ನು ಒಂದು ಮಾಡಿ, ಊರಿನವರು ಕರೆಯುವಂತೆಯೇ ತಂದೆಯ ಹೆಸರನ್ನು ಬರೆದಳು. ಪಟ್ಟಿಯಲ್ಲಿ ಅವರಿಗೆ ಜಾಗ ಸಿಕ್ಕಿದ್ದು ರೈಸ್ ಅವರಿಗಿಂತ ಸ್ವಲ್ಪ ಮೇಲೆ.