ಅಬಲೂರಿಗೊಂದು ವಿಳಾಸ

ಕೆಲವರಿಗೆ ಪದಬಂಧದ ಹುಚ್ಚು, ಕೆಲವರಿಗೆ ಇಸ್ಪೀಟು. ನನಗೆ ವೆಬ್ ವಿಳಾಸ ಕಟ್ಟುವ ಹುಚ್ಚು. ಪುಟ ಬರೆಯುವುದಕ್ಕಿಂತ ಅದರ ವಿಳಾಸದ ಕೊನೆಯ ಎರಡು ಮೂರು ಪದ ಆರಿಸುವುದರಲ್ಲೇ ನನ್ನ ಸುಖ.

ಹಿರೇಕೆರೂರು ಸೀಮೆಯ ಗುಡಿ, ಶಾಸನಗಳ ಬಗ್ಗೆ ಜಾಲತಾಣ ಮಾಡಲು ಕೂತಾಗ ಹೆಚ್ಚು ಆಟವಾಡಿಸಿದ್ದು ಅಬಲೂರು. ವಿಳಾಸವನ್ನು ಮೊದಲು ಕನ್ನಡದಲ್ಲೇ ಬರೆದೆ. ಬ್ರೌಸರಿನಲ್ಲಿ ಮುದ್ದಾಗಿ ಕೂತಿತು. ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ಮೆರವಣಿಗೆ! ಯುನಿಕೋಡಿನಲ್ಲಿ ಈ ಹೆಸರಿಗೆ ಆರು ಸಂಕೇತ, ಒಂದೊಂದಕ್ಕೂ ಮೂರು ಬೈಟ್, ಪ್ರತಿ ಬೈಟಿಗೂ ಮೂರು ಚಿಹ್ನೆ, ಒಟ್ಟು 54. ಗೂಗಲ್ ಇದನ್ನು ಸಲೀಸಾಗಿ ಓದುತ್ತದೆ, ಕನ್ನಡ ವಿಕಿಪೀಡಿಯ ಹೀಗೇ ನಡೆಯುತ್ತಿದೆ. ಆದರೆ ಫೋನಿನಲ್ಲಿ ಓದಿ ಹೇಳಬೇಕಾದವರ ಗತಿ?

ಸರಿ, ರೋಮನ್ ಲಿಪಿ ಹಿಡಿದೆ. ಅಲ್ಲಿ ಬೇರೆ ಪಂಚಾಯಿತಿ. ಎಪಿಗ್ರಾಫಿಯಾ ಇಂಡಿಕಾದ 5ನೇ ಸಂಪುಟದಲ್ಲಿ ಇಲ್ಲಿನ ಶಾಸನಗಳನ್ನು ಪ್ರಕಟಿಸಿದ ಜೆ.ಎಫ್. ಫ್ಲೀಟ್‌ಗೆ ಇದು ‘ಅಬ್ಲೂರ್’. ಹಳೆಯ ಹೆಸರು ಬಲ್ಲವರಿಗೆ ‘ಅಬ್ಬಲೂರು’. ಟೈಪಿಸುವವರಲ್ಲಿ ಒಬ್ಬರು ಒಂದು ಯು ಒತ್ತಿದರೆ ಇನ್ನೊಬ್ಬರು ಎರಡು ಓ. ವಿಳಾಸಕ್ಕೆ ಗಿಡ್ಡನೆಯ ಒಂದು ರೂಪ ಸಾಕೆಂದು ಉಳಿದವನ್ನು ಪುಟದ ಮೊದಲ ಸಾಲುಗಳಿಗೆ ಬಿಟ್ಟೆ; ಹುಡುಕುವವರಿಗೆ ಅಲ್ಲಿ ಸಿಗುತ್ತವೆ.

ಸೋಮೇಶ್ವರ ಗುಡಿಯ ಶಾಸನ, ಸುಮಾರು 1200ರದು, ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತಲೆ ಕತ್ತರಿಸಿಕೊಂಡು ಮರಳಿ ಪಡೆದನೆಂದು ಹೇಳುತ್ತದೆ. ಆ ಪುಟಕ್ಕೆ ತಂತ್ರಾಂಶ ತಾನಾಗಿ ಕೊಟ್ಟದ್ದು ಒಂದು ಪ್ರಶ್ನಾರ್ಥಕ ಚಿಹ್ನೆ, ಮುಂದೊಂದು ಸಂಖ್ಯೆ. ಅಂಥ ರಾಮಯ್ಯ ಬರೀ ನಂಬರಾಗುವುದೇ? ಅಳಿಸಿ, ಊರಿನ ಹೆಸರು, ಓರೆಗೆರೆ, ಆಮೇಲೆ ‘ಏಕಾಂತದ-ರಾಮಯ್ಯ’ ಎಂದಿಟ್ಟೆ. ನಡುವೆ ಕಿರುಗೆರೆಯೇ ಇರಲಿ. ಅಡಿಗೆರೆ ಕೊಂಡಿಯ ಕೆಳಗೆಳೆದ ಗೆರೆಯಲ್ಲಿ ಮುಳುಗಿಹೋಗುತ್ತದೆ, ಗೂಗಲ್‌ನ ಸಲಹೆಯೂ ಕಿರುಗೆರೆಯೇ. ‘ಪ್ರಸಿದ್ಧ’, ‘ಅದ್ಭುತ’ ಎಂದೆಲ್ಲ ತುರುಕುವವರಿದ್ದಾರೆ. ಅದು ಹುಡುಕುಯಂತ್ರಕ್ಕೆ ಹಚ್ಚುವ ಬೆಣ್ಣೆ. ಜಿಲ್ಲೆಯ ಹೆಸರನ್ನಂತೂ ನಾನು ಸೇರಿಸುವುದಿಲ್ಲ: 1997ರಲ್ಲಿ ಹಾವೇರಿ ಜಿಲ್ಲೆಯಾಗುವ ತನಕ ಅಬಲೂರು ಧಾರವಾಡಕ್ಕೆ ಸೇರಿತ್ತು. ಮರುವರ್ಷವೇ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ, ಒಳ್ಳೆಯ ವಿಳಾಸ ಬದಲಾಗಬಾರದೆಂದು ಬರೆದ. ಧಾರವಾಡವೆಂದು ಬರೆದಿಟ್ಟಿದ್ದರೆ ಹಳೆಯ ಕೊಂಡಿಗಳನ್ನೆಲ್ಲ ಹೊಸ ಪುಟಕ್ಕೆ ತಿರುಗಿಸುತ್ತ ಕೂರಬೇಕಿತ್ತು.

ಸರ್ವಜ್ಞನನ್ನು ಅಬಲೂರೂ ಮಾಸೂರೂ ತಮ್ಮವನೆನ್ನುತ್ತವೆ. ಅದಕ್ಕೇ ಅವನನ್ನು ಯಾವ ಊರಿನ ಒಳಗೂ ಕೂಡಿಸದೆ ನೇರ ತಾಣದ ಹೆಸರಿನ ಪಕ್ಕದಲ್ಲೇ ನಿಲ್ಲಿಸಿದ್ದೇನೆ. ಇನ್ನು ‘ಜ್ಞ’ಕ್ಕೆ ಜೆ ಹಾಕಬೇಕೋ ಜಿ ಹಾಕಬೇಕೋ, ಅದೊಂದು ತೀರ್ಮಾನವಾಗಬೇಕು.