ಮಲ್ಪೆಯ ಕಡಲಲ್ಲಿ ನೆಲದ ಸಾಕ್ಷಿ

ಉಡುಪಿಗೆ ಹೋದವರು ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪವನ್ನು ಕಂಡು ಬರುವುದುಂಟು. ತೆಂಗಿನ ಮರಗಳನ್ನೂ ಕಡಲ ಸೊಬಗನ್ನೂ ನೋಡಿ ನಾನೂ ಮೊದಲ ಸಲ ಹಾಗೆಯೇ ಹಿಂದಿರುಗಿದ್ದೆ. ಎರಡನೆಯ ಸಲ ಅಲ್ಲಿನ ಶಿಲೆಗಳ ಮುಂದೆ ಬಹಳ ಹೊತ್ತು ನಿಂತೆನು.

ಅವು ಐದಾರು ಮುಖಗಳುಳ್ಳ ಕಲ್ಲಿನ ಕಂಬಗಳು. ಯಾವ ಶಿಲ್ಪಿಯ ಉಳಿಯೂ ಅವನ್ನು ಮುಟ್ಟಿಲ್ಲ. ಭೂಗರ್ಭದಿಂದ ಉಕ್ಕಿದ ಶಿಲಾದ್ರವವು ಆರಿ ಕುಗ್ಗುವಾಗ ಬಿರುಕುಬಿಟ್ಟು ಈ ರೂಪ ತಾಳಿತು. ಅದಾಗಿ ಸುಮಾರು 8.8 ಕೋಟಿ ವರ್ಷಗಳಾದವು. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಸಾವಿರಾರು ಕಿಲೋಮೀಟರ್ ದೂರದ ಮಡಗಾಸ್ಕರಿನಲ್ಲಿಯೂ ಇವೆ. ಶಿಲೆ ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಡುತ್ತವೆ. ಅದನ್ನು ಅಳೆದವರಿಗೆ ಈ ಕಲ್ಲುಗಳು ಸಮಭಾಜಕ ವೃತ್ತದ ದಕ್ಷಿಣದಲ್ಲಿ ಹುಟ್ಟಿದವೆಂದು ತಿಳಿದುಬಂದಿತು. ಒಂದಾಗಿದ್ದ ನೆಲ ಸೀಳಿ, ಮಡಗಾಸ್ಕರ್ ಅತ್ತ ಉಳಿದು, ನಮ್ಮ ನಾಡು ಉತ್ತರಕ್ಕೆ ಸಾಗಿಬಂದುದಕ್ಕೆ ಇವು ಸಾಕ್ಷಿ.

ಖಂಡಗಳು ಚಲಿಸುತ್ತವೆಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಪಂಡಿತರು ಬಹುಮಟ್ಟಿಗೆ ಒಪ್ಪಲಿಲ್ಲ. ಚಲಿಸುವ ಬಲ ಯಾವುದೆಂಬ ಪ್ರಶ್ನೆಗೆ ಅವರಲ್ಲಿ ತಕ್ಕ ಉತ್ತರವಿರಲಿಲ್ಲ. 1930ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಮಡಿದರು. 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ಎಂಬವರು ಸಾಗರತಳದ ಏಣುಗಳ ಇಕ್ಕೆಲದ ಕಾಂತಪಟ್ಟಿಗಳ ಅರ್ಥವನ್ನು ಬಿಡಿಸಿದರು. ಏಣಿನಲ್ಲಿ ಹೊಸ ನೆಲ ಹುಟ್ಟಿ ಎರಡು ಬದಿಗೂ ಸರಿಯುತ್ತಿದೆಯೆಂಬುದು ಅವುಗಳಿಂದ ತಿಳಿಯಿತು. ಇಂದು ಉಪಗ್ರಹಗಳ ನೆರವಿನಿಂದ ಅಳೆದರೆ ನಮ್ಮ ಭೂಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಈಶಾನ್ಯಕ್ಕೆ ಸರಿಯುತ್ತಿದೆ. ಅದು ಏಷ್ಯಾದ ಭೂಫಲಕವನ್ನು ಒತ್ತಿದ್ದರಿಂದಲೇ ಹಿಮಾಲಯ ಎದ್ದಿತು.

ಇದು ಕೇವಲ ಪಂಡಿತರ ವಿಷಯವಲ್ಲ. ಆ ಒತ್ತಡ ದಖ್ಖನಿನ ಒಡಲಿಗೂ ಮುಟ್ಟುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ, ಸುಮಾರು ಹತ್ತು ಸಾವಿರ ಜನ ಅಸುನೀಗಿದರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಕಂಪನವಲ್ಲ, ಮಣ್ಣಿನಲ್ಲಿ ಕಲ್ಲು ಜೋಡಿಸಿ ಕಟ್ಟಿದ ದಪ್ಪ ಗೋಡೆಗಳು ಮತ್ತು ಭಾರದ ಮಾಳಿಗೆಗಳು. ನೆಲ ಸ್ಥಿರವೆಂಬ ನಂಬಿಕೆ ಅವರದೂ ಆಗಿತ್ತು, ನಮ್ಮದೂ ಆಗಿದೆ.

ಆದುದರಿಂದ ಮನೆ ಕಟ್ಟಿಸುವ ಗೃಹಸ್ಥರು ಗೋಡೆಗಳನ್ನು ಸುತ್ತಲೂ ಬಿಗಿಯುವ ಕಾಂಕ್ರೀಟಿನ ಪಟ್ಟಿಯನ್ನು ಮರೆಯದಿರಲಿ. ಮಲ್ಪೆಗೆ ಹೋದಾಗ ಮಕ್ಕಳಿಗೆ ಆ ಕಂಬಗಳನ್ನು ತೋರಿಸಿ ಈ ಕಥೆ ಹೇಳಲಿ. ಕಲ್ಲಿನ ಒಂದು ಚೂರನ್ನೂ ಮನೆಗೆ ತರುವುದು ಬೇಡ. ಸಾಕ್ಷಿಯು ತನ್ನ ಸ್ಥಳದಲ್ಲಿಯೇ ಇರಬೇಕು.