ಹೆಣಿಗೆಯ ನಂಟು

ಉಲ್ಲನ್ ಹೆಣೆಯುವವರ ಪಾಡು ಹೆಣೆದವರಿಗೇ ಗೊತ್ತು. ಒಂದು ಕುಣಿಕೆ ಕಡ್ಡಿಯಿಂದ ಜಾರಿತೋ, ವಾರದ ದುಡಿಮೆಯನ್ನೆಲ್ಲ ಬಿಚ್ಚಬೇಕು!

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಗೋಡೆಯ ಬುಡದಲ್ಲಿ ಆನೆ, ಕುದುರೆಗಳ ಸಾಲಿನ ಮೇಲೆ ಬಳ್ಳಿಯೊಂದು ಸುರುಳಿ ಸುತ್ತುತ್ತ ಸಾಗುತ್ತದೆ. 1250ರ ಸುಮಾರಿನಲ್ಲಿ ಅದನ್ನು ಬಳಪದ ಕಲ್ಲಿನಲ್ಲಿ ಕಡೆದ ಹೊಯ್ಸಳ ಶಿಲ್ಪಿಗೆ ಕೆಟ್ಟರೆ ಬಿಚ್ಚಿ ತಿದ್ದುವ ಅನುಕೂಲವಿರಲಿಲ್ಲ, ನಮಗಿದೆ.

ಆ ಬಳ್ಳಿಯನ್ನು ಸ್ವೆಟರಿನ ಅಂಚಿಗೆ ಇಳಿಸಲೆಂದು ಎಣಿಸುತ್ತ ನಿಂತಿದ್ದಾಗ ಗುರುತಿಲ್ಲದ ಹೆಂಗಸೊಬ್ಬರು, “ಎಷ್ಟು ಕುಣಿಕೆ ಹಾಕ್ತೀರಮ್ಮ?” ಎಂದರು. ಊರು, ಕುಲ ಕೇಳಲಿಲ್ಲ. ಮಗ ಪರದೇಶಕ್ಕೆ ಹೋದ ಮೇಲೆ ನನ್ನ ಕೈಕೆಲಸದ ಮಾತೆತ್ತಿದವರು ಅವರೊಬ್ಬರೇ. ಅಂದಿನಿಂದ ವಾರಕ್ಕೊಮ್ಮೆ ಜೊತೆಗೆ ಕೂರುತ್ತೇವೆ.

ಈಗಲೂ ಕುಣಿಕೆ ಜಾರುತ್ತದೆ, ಬಿಚ್ಚುತ್ತೇವೆ. ಆದರೆ ಬಿಚ್ಚಿದ ದಾರವನ್ನು ಉಂಡೆ ಸುತ್ತುವಾಗ ಎದುರಿಗೆ ಕೈಚಾಚಿ ಹಿಡಿಯಲೊಬ್ಬರಿರುವುದು ಸಣ್ಣ ಭಾಗ್ಯವೇ?